ಹೊಸ್ತಿಲ ಮೇಲಿನ ಮೆಟ್ಟು

ನಮ್ಮೂರಲ್ಲಿ ನನಗೆ ಏಣಿ ದ್ಯಾವಯ್ಯ ಅಂತ ಹೆಸರು. ಅಪ್ಪ ಅವ್ವ ಇಟ್ಟದ್ದು ಬರೀ ದ್ಯಾವಯ್ಯ. ಏಣಿಯನ್ನು ಊರವರು ಪುಕ್ಕಟೆಯಾಗಿ ಸೇರಿಸಿದರು. ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು, ಮತ್ತೆ ಇಳಿಯುವುದು. ಮೀಸೆ ಮೂಡಿದಾಗಿನಿಂದ ಮೀಸೆ ನರೆಯುವ ತನಕ ನಾನು ಮಾಡಿದ್ದು ಇದೊಂದೇ ಕೆಲಸ. ಏಣಿಗಾದರೂ ಗೋಡೆಗೆ ಒರಗಿ ನಿಲ್ಲುವ ಭಾಗ್ಯ ಇದೆ. ನನಗೆ ಅದೂ ಇರಲಿಲ್ಲ.

ಊರು ಎರಡು ಪಾಲು. ಕೆಳಪೇಟೆಯಲ್ಲಿ ಸಂತೆ, ಬೆಲ್ಲದ ಮಂಡಿ, ಎಣ್ಣೆ ಗಾಣ, ಜಗಳ, ಗಡಿಬಿಡಿ. ಅಲ್ಲಿಂದ ಕಲ್ಲಿನ ಮೆಟ್ಟಿಲು ಹತ್ತಿಹೋದರೆ ಗುಡ್ಡದ ಮೇಲೆ ಮೇಲ್ಪೇಟೆ. ಕೆಳಪೇಟೆಯಲ್ಲಿ ಕೈಬಿಟ್ಟದ್ದು ಕೂಡಲೇ ನೆಲಕ್ಕೆ ಬೀಳುತ್ತದೆ, ಎಲ್ಲ ಊರಿನ ಹಾಗೆ. ಮೇಲ್ಪೇಟೆಯಲ್ಲಿ ಕೈಬಿಟ್ಟದ್ದು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತು ಆಮೇಲೆ ಬೀಳುತ್ತದೆ. ಎಷ್ಟು ಹೊತ್ತು ಅಂದರೆ, ಒಂದು ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ಬಾಯಿಗೆ ಹಾಕಿಕೊಳ್ಳುವಷ್ಟು. ಅಲ್ಲಿಯ ಹೆಂಗಸರು ಅಕ್ಕಿ ಕೇರುವಾಗ ಮೊರದಿಂದ ಒಮ್ಮೆ ಮೇಲಕ್ಕೆ ಹಾರಿಸಿ, ಒಳಗೆ ಹೋಗಿ ಉಕ್ಕುವ ಹಾಲು ಇಳಿಸಿ, ಬಂದು ಮತ್ತೆ ಮೊರ ಹಿಡಿಯುತ್ತಾರೆ. ಮಳೆ ಬಂದರೆ ಹನಿಗಳು ಹೆಂಚಿನ ಮೇಲೆ ಒಂದು ಮಾರು ಎತ್ತರದಲ್ಲಿ ನಿಂತಿರುವಾಗಲೇ ಒಣಹಾಕಿದ ಬಟ್ಟೆ ಎಲ್ಲ ಒಳಗೆ ಸೇರಿರುತ್ತದೆ. ಗಂಡ ಹೆಂಡತಿ ಜಗಳದಲ್ಲಿ ತಟ್ಟೆ ಬಿಸಾಡಿದರೆ, ಅದು ನೆಲ ಮುಟ್ಟುವಷ್ಟರಲ್ಲಿ ರಾಜಿಯಾಗಿ ಇಬ್ಬರಲ್ಲಿ ಒಬ್ಬರು ಹಿಡಿದುಕೊಂಡಿರುತ್ತಾರೆ. ಅವಸರ ಅಂದರೆ ಏನು ಅಂತ ಆ ಜನಕ್ಕೆ ಗೊತ್ತೇ ಇಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮದು ನಾಲ್ಕು ಕಂಬದ ಆಟ. ಒಬ್ಬ ಚೆಂಡು ಎಸೆಯುತ್ತಾನೆ, ಇನ್ನೊಬ್ಬ ಅದನ್ನು ದಾಂಡಿನಿಂದ ಹೊಡೆದು ನಾಲ್ಕು ಕಂಬ ಸುತ್ತಿ ಬರಬೇಕು, ಉಳಿದವರು ಚೆಂಡು ಹಿಡಿದು ಅವನನ್ನು ಔಟ್ ಮಾಡಬೇಕು. ಪರವೂರಿನವನೊಬ್ಬ ನೋಡಿ, ‘ಇದು ಬೇಸ್‌ಬಾಲ್ ಕಣ್ರೀ’ ಅಂದ. ಇರಬಹುದು, ನಮ್ಮ ಅಜ್ಜಂದಿರಿಗೆ ಯಾರೂ ಹಾಗೆ ಹೇಳಿರಲಿಲ್ಲ. ಎರಡು ಪೇಟೆಗೂ ಒಂದೊಂದು ಬಯಲು, ಒಂದೊಂದು ತಂಡ. ಕೆಳಗಿನ ತಂಡ ಸಂತೆಯ ದಿನ ಆಡುತ್ತದೆ; ಜನ ಕಳ್ಳೇಕಾಯಿ ಸುಲಿಯುತ್ತ, ಎತ್ತಿನ ವ್ಯಾಪಾರ ಮಾಡುತ್ತ, ಬಿಡುವಾದಾಗ ಆಟ ನೋಡುತ್ತಾರೆ. ಮೇಲಿನ ತಂಡ ದೂರದ ಊರುಗಳ ತಂಡಗಳನ್ನು ಕರೆಸಿ ಆಡುತ್ತದೆ. ಅದನ್ನು ನೋಡಲು ಗಾಡಿ ಕಟ್ಟಿಕೊಂಡು ಬರುತ್ತಾರೆ. ಮೇಲಿನ ತಂಡದಲ್ಲಿ ಕಾಯಂ ಆದವನಿಗೆ ಸಾಯುವ ತನಕ ಮೇಲ್ಪೇಟೆಯಲ್ಲಿ ಮನೆ. ಕೆಳಗಿನ ಬಯಲಿನಲ್ಲಿ ಚೆಂಡು ಹಿಡಿಯುವ ಪ್ರತಿಯೊಬ್ಬನ ಕಣ್ಣೂ ಗುಡ್ಡದ ಮೇಲೆಯೇ.

ಹತ್ತುವುದಕ್ಕೂ ಇಳಿಯುವುದಕ್ಕೂ ಒಂದು ಕಟ್ಟಳೆ ಇದೆ. ಮೆಟ್ಟಿಲ ಬುಡದ ಗೋಡೆಯಲ್ಲಿ ಸಾಲಾಗಿ ಕಲ್ಲಿನ ಗೂಡುಗಳು. ಮೇಲಿನಿಂದ ಕರೆ ಬಂದವನು ತನ್ನ ಮೆಟ್ಟನ್ನು ಅಲ್ಲಿ ಬಿಟ್ಟು ಬರಿಗಾಲಲ್ಲಿ ಹತ್ತಬೇಕು. ಮೇಲೆ ತಂಡದವರು ಕ್ಯಾನ್‌ವಾಸ್ ಬೂಟು, ಇರುವಷ್ಟು ದಿನಕ್ಕೆ ಒಂದು ಮನೆ ಕೊಡುತ್ತಾರೆ. ನೀನು ಸಾಕು ಅನ್ನಿಸಿದ ದಿನ ಮೆಟ್ಟಿಲ ಕಾವಲಿನ ಮುದ್ದಯ್ಯ ಆ ಹಳೆಯ ಮೆಟ್ಟನ್ನು ಗೂಡಿನಿಂದ ತೆಗೆದು, ಬೆಳಗಿನ ಹೊತ್ತು ಸದ್ದಿಲ್ಲದೆ ತಂದು ಮನೆಯ ಹೊಸ್ತಿಲ ಮೇಲೆ ಇಟ್ಟುಹೋಗುತ್ತಾನೆ. ಅಷ್ಟೇ. ಮಾತಿಲ್ಲ, ಕಥೆಯಿಲ್ಲ. ಆಟಗಾರ ಅದನ್ನು ಮೆಟ್ಟಿಕೊಂಡು, ಹಿಂದೆ ನೋಡದೆ, ಯಾರೊಂದಿಗೂ ಮಾತಾಡದೆ ಇಳಿದುಹೋಗಬೇಕು. ಮೆಟ್ಟಿಲ ಮೇಲೆ ಇಳಿಯುವವನ ಜೊತೆ ಮುದ್ದಯ್ಯನೂ ಬಾಯಿ ಬಿಡುವಂತಿಲ್ಲ. ಹೆಂಡತಿ ಮಕ್ಕಳು ಆಮೇಲೆ ಸಾಮಾನು ಹೊತ್ತುಕೊಂಡು ಇಳಿಯುತ್ತಾರೆ. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯವರೆಗೆ ಇಳಿಯದೆ ಉಳಿದವನ ಮೆಟ್ಟನ್ನು ಹಬ್ಬದ ಬೆಳಿಗ್ಗೆ ಹಳೇ ಬಾವಿಗೆ ಹಾಕುತ್ತಾರೆ, ಅವನು ಕಾಯಂ. ಬಾಯಿಬಿಟ್ಟು ಹೋಗು ಅಂದರೆ ಮನಸ್ಸು ನೋಯುತ್ತದೆ ಅಂತ ಹಿರಿಯರು ಮಾಡಿದ ಏರ್ಪಾಡಂತೆ ಇದು. ಆ ಹಿರಿಯರ ಹೊಸ್ತಿಲಿಗೆ ಯಾವತ್ತೂ ಮೆಟ್ಟು ಬಂದಿರಲಾರದು.

ನನಗೆ ಮೊದಲ ಸಲ ಕರೆ ಬಂದದ್ದು ಮೇಲಿನ ತಂಡದ ಒಬ್ಬನ ಭುಜ ಉಳುಕಿದಾಗ. ಕುಣಿಯುತ್ತ ಹತ್ತಿದೆ. ಮೊದಲ ಪಂದ್ಯದಲ್ಲೇ ಚೆಂಡು ನನ್ನ ನೆತ್ತಿಯ ಮೇಲೆ ಬಂದು ನಿಂತಿತು. ನನ್ನದು ಕೆಳಪೇಟೆಯ ಕೈ. ಬಂತು ಅಂದುಕೊಂಡು ಗಬಕ್ಕನೆ ಮುಚ್ಚಿಕೊಂಡಿತು. ಮುಚ್ಚಿದ ಮುಷ್ಟಿಯ ಮೇಲೆ ಚೆಂಡು ಆಮೇಲೆ ಬಿದ್ದು ಉರುಳಿಹೋಯಿತು. ಮೇಲೆಯೇ ಹುಟ್ಟಿ ಬೆಳೆದ ಆಟಗಾರರನ್ನು ನೋಡಬೇಕು. ಚೆಂಡು ನಿಂತಿರುವಾಗ ಒಬ್ಬ, ‘ಮಗಳ ಮದುವೆ ಎಲ್ಲಿಗೆ ಬಂತಯ್ಯ?’ ಅಂತ ಕೇಳುತ್ತಾನೆ. ಇನ್ನೊಬ್ಬ, ‘ಗಂಡಿನ ಕಡೆಯವರು ನೋಡ್ಕೊಂಡು ಹೋದ್ರು’ ಅನ್ನುತ್ತ ಕೈ ಚಾಚುತ್ತಾನೆ, ಚೆಂಡು ಕೈಯಲ್ಲಿರುತ್ತದೆ. ನನಗೋ ಮನೆದೇವರ ಹೆಸರೂ ಬಾಯಿಗೆ ಬರುತ್ತಿರಲಿಲ್ಲ. ಭುಜ ಉಳುಕಿದವನು ವಾಸಿಯಾದ, ನನ್ನ ಹೊಸ್ತಿಲಿಗೆ ಮೆಟ್ಟು ಬಂತು.

ಆಮೇಲೆ ಇನ್ನೊಬ್ಬನ ಮಂಡಿ, ಮತ್ತೊಬ್ಬನ ಕಾಮಾಲೆ, ಮಗದೊಬ್ಬನ ಮಾವನ ತಿಥಿ. ಯಾರಿಗೆ ಏನು ಕೆಟ್ಟದ್ದಾದರೂ ನನಗೆ ಕರೆ. ಬೇರೆಯವರ ಸಂಕಟದಲ್ಲೇ ನನ್ನ ಬಾಳು ನಡೆದದ್ದು, ಅದನ್ನು ನೆನೆದರೆ ನನಗೇ ನಾಚಿಕೆ. ಹೋಗಿ ಕೈ ಹದಕ್ಕೆ ಬರುವಷ್ಟರಲ್ಲಿ ಅವನು ಎದ್ದು ಕೂತಿರುತ್ತಿದ್ದ. ಕೆಳಗೆ ಇಳಿದು ಬಂದರೆ ಮಾತ್ರ ಮೊದಲ ಚೆಂಡಿಗೇ ನನ್ನ ಕೈ ಸರಿಹೋಗುತ್ತಿತ್ತು. ಕೆಳಗಿನ ತಂಡದ ನಾಯಕ ಜವರ, ನನ್ನ ಜೊತೆ ಚಡ್ಡಿ ಹಾಕಿಕೊಂಡು ಬೆಳೆದವನು, ‘ಎಲ್ಲಿ ಹೋಗಿ ಬಂದ್ರೂ ಈ ಕೈ ನಮ್ದೇ ಕಣ್ಲಾ’ ಅಂತ ಬೆನ್ನು ಚಪ್ಪರಿಸುತ್ತಿದ್ದ. ಅವನು ಪ್ರೀತಿಯಿಂದಲೇ ಅನ್ನುತ್ತಿದ್ದ. ನನಗೆ ಮಾತ್ರ ಎದೆಗೆ ಚುಚ್ಚುತ್ತಿತ್ತು.

ನನ್ನ ಹೆಂಡತಿ ಸಾಕಮ್ಮ ಹೊಳೆಯಾಚೆಯ ಹಳ್ಳಿಯವಳು. ಅವಳಪ್ಪ ಹೊಂಬಾಳಯ್ಯ ಮೆಟ್ಟು ಹೊಲಿಯುವುದರಲ್ಲಿ ಆ ಸೀಮೆಗೇ ಹೆಸರಾದವರು. ಮದುವೆಯಲ್ಲಿ ನನಗೆ ಒಂದು ಜೊತೆ ಹೊಲಿದುಕೊಟ್ಟಿದ್ದರು. ದಪ್ಪ ಅಟ್ಟೆ, ಕೆಂಪು ಬಾರು, ನಡೆದರೆ ಕಿರ್ರಂತ ಸದ್ದು. ಹೋಗೋ ಅಳಿಯಂದಿರಿಗೆ ದಾರಿ ಬಿಡಿ ಅಂತ ಮೆಟ್ಟೇ ಕೂಗಬೇಕು ಅಂದಿದ್ದರು ಮಾವ. ಅಂಥ ಮೆಟ್ಟು ಕಲ್ಲಿನ ಗೂಡಿನಲ್ಲಿ ಧೂಳು ತಿನ್ನುತ್ತದೆ, ಅದು ಹೊಸ್ತಿಲಿಗೆ ಬಂದರೆ ನಮ್ಮ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಅಂತ ಅವರಿಗೆ ಹೇಳುವ ಬಾಯಿ ಯಾರಿಗಿತ್ತು? ಕಟ್ಟಳೆಯ ಸುದ್ದಿಯನ್ನೇ ನಾವು ಅವರ ಮುಂದೆ ಎತ್ತಲಿಲ್ಲ.

ಸಾಕಮ್ಮನದು ಇನ್ನೊಂದು ತರಹ. ಮೇಲಕ್ಕೆ ಬಂದಾಗಲೆಲ್ಲ ಅವಳು ಪಾತ್ರೆಯ ಮೂಟೆ ಬಿಚ್ಚುತ್ತಿರಲಿಲ್ಲ. ಒಂದು ತಪ್ಪಲೆ, ಒಂದು ಸೌಟು, ಎರಡು ತಟ್ಟೆ, ಎರಡು ಲೋಟ. ‘ಮಿಕ್ಕದ್ದು ಬಿಚ್ಚಿ ಮತ್ತೆ ಕಟ್ಟೋಳು ಯಾರು, ನಿಮ್ಮ ಯಜಮಾನ್ರಾ?’ ಅನ್ನುತ್ತಿದ್ದಳು. ಯಜಮಾನರು ಅಂದರೆ ಮೇಲಿನ ತಂಡದ ಚೆಲುವರಾಯರು. ಒಂದು ಮಾತಾಡಿ ಇನ್ನೊಂದು ಮಾತಾಡುವ ನಡುವೆ ನೀವು ಊಟ ಮಾಡಿ ಬರಬಹುದು, ಅಂಥ ಮನುಷ್ಯ.

ಹೀಗಿರುವಾಗ ಒಂದು ಯುಗಾದಿಯ ಮಾರನೆಯ ದಿನ ನನಗೆ ಕರೆ ಬಂತು. ಮೂರನೆಯ ಕಂಬ ಕಾಯುತ್ತಿದ್ದವನು ಮನೆಯಳಿಯನಾಗಿ ದೂರದ ಊರಿಗೆ ಹೊರಟುಹೋಗಿದ್ದ. ವಾಸಿಯಾಗಿ ವಾಪಸು ಬರುವ ರೋಗ ಅಲ್ಲ ಅದು. ನಾನು ಆ ವರ್ಷ ಒಂದು ಉಪಾಯ ಕಂಡುಕೊಂಡೆ. ಚೆಂಡು ಮೇಲೆ ನಿಂತ ಕೂಡಲೇ ಮನಸ್ಸಿನಲ್ಲೇ ಹದಿನೇಳರ ಮಗ್ಗಿ ಶುರುಮಾಡುವುದು. ಮಗ್ಗಿ ತಪ್ಪಬಾರದು ಅನ್ನುವ ಭಯದಲ್ಲಿ ಕೈ ಮುಚ್ಚುವುದು ಮರೆತುಹೋಗುತ್ತಿತ್ತು. ಮಳೆಗಾಲ ಹೋಯಿತು, ಚಳಿ ಹೋಯಿತು, ಮೆಟ್ಟು ಬರಲಿಲ್ಲ. ಆದರೂ ದಿನಾ ಬೆಳಿಗ್ಗೆ ಬಾಗಿಲು ತೆಗೆಯುವಾಗ ಎದೆ ಡವಡವ. ಕೊನೆಕೊನೆಗೆ ನಾನು ಮುಂಬಾಗಿಲು ಬಿಟ್ಟು ಹಿತ್ತಿಲ ಬಾಗಿಲಿಂದಲೇ ಓಟದ ಅಭ್ಯಾಸಕ್ಕೆ ಹೋಗತೊಡಗಿದೆ. ನೋಡದಿದ್ದರೆ ಬಂದಿಲ್ಲ ಅಂತ ಲೆಕ್ಕ.

ಯುಗಾದಿಯ ಹಿಂದಿನ ದಿನ ವರ್ಷದ ಕೊನೆಯ ಪಂದ್ಯ. ಅದೊಂದು ಮಧ್ಯಾಹ್ನ ದಾಟಿದರೆ ಮಾರನೆಯ ಬೆಳಿಗ್ಗೆ ನನ್ನ ಮೆಟ್ಟು ಬಾವಿಗೆ, ನಾನು ಕಾಯಂ. ಬೆಳಿಗ್ಗೆ ಬಯಲು ಸುತ್ತಿ ಓಡಿ, ಖುಷಿಯಲ್ಲಿ ಶಿಳ್ಳೆ ಹಾಕುತ್ತ ಬಂದೆ. ಇವತ್ತು ಮುಂಬಾಗಿಲಿಂದಲೇ ಹೋಗೋಣ, ಯಾಕೆ ಕಳ್ಳನ ಹಾಗೆ ಅಂತ ಬೀದಿ ಕಡೆಯಿಂದ ಬಂದೆ. ಹೊಸ್ತಿಲ ಮೇಲೆ ನನ್ನ ಮೆಟ್ಟು ಇತ್ತು.

ಬೂಟು ಬಿಚ್ಚಿ ಹೊಸ್ತಿಲ ಪಕ್ಕ ಇಟ್ಟೆ. ಒಳಗೆ ಸಾಕಮ್ಮ ಯಾರ ಜೊತೆಯೋ ನಗುನಗುತ್ತ ಮಾತಾಡುವುದು ಕೇಳಿಸಿತು. ಪಾಪ, ಅವಳಿಗಿನ್ನೂ ಗೊತ್ತಿಲ್ಲ ಅಂದುಕೊಂಡೆ. ಮೆಟ್ಟಿಗೆ ಎಣ್ಣೆ ಹಚ್ಚಿ ಮಿರಮಿರ ಮಾಡಿದ್ದರು, ಕಿತ್ತಿದ್ದ ಬಾರನ್ನು ಹೊಸದಾಗಿ ಹೊಲಿದಿದ್ದರು. ಅದೂ ನನ್ನ ಕಣ್ಣಿಗೆ ಬಿತ್ತು. ಬಿದ್ದರೂ ಈ ಮಂಕನಿಗೆ ಹೊಳೆದದ್ದೇನು ಗೊತ್ತೇ? ಒಂದು ವರ್ಷ ಆಡಿದ್ದಕ್ಕೆ ಮರ್ಯಾದೆಯಾಗಿ ಎಣ್ಣೆ ಹಚ್ಚಿ ಕಳಿಸುತ್ತಿದ್ದಾರೆ ಅಂತ! ಮೆಟ್ಟಿಕೊಂಡೆ. ಕಿರ್ರಂದಿತು. ಕಟ್ಟಳೆಯಂತೆ ಹಿಂದೆ ನೋಡದೆ ನಡೆದೆ.

ಮೆಟ್ಟಿಲ ಅರ್ಧದಲ್ಲಿ ಮುದ್ದಯ್ಯ ಎದುರಿಗೆ ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದ. ನನ್ನ ಕಾಲು ನೋಡಿ ನಿಂತ. ಬಾಯಿ ತೆರೆದ, ಮುಚ್ಚಿದ. ನನ್ನ ಮೆಟ್ಟು ತೋರಿಸಿದ, ತನ್ನ ಎದೆ ತೋರಿಸಿದ, ಎತ್ತಿನ ಹಾಗೆ ತಲೆ ಕೊಡವಿದ. ಎರಡೂ ಕೈ ಆಡಿಸಿದ, ಹಣೆ ಹಣೆ ಚಚ್ಚಿಕೊಂಡ. ಇಷ್ಟು ವರ್ಷ ನನ್ನ ಹೊಸ್ತಿಲಿಗೆ ಮೆಟ್ಟು ಹೊತ್ತು ಹೊತ್ತು ಇವನಿಗೂ ಸಾಕಾಗಿದೆ, ನನಗಿಂತ ಇವನಿಗೇ ಹೆಚ್ಚು ಸಂಕಟ ಅಂದುಕೊಂಡೆ. ಇರಲಿ ಬಿಡಪ್ಪ ಅನ್ನುವ ಹಾಗೆ ತಲೆಯಾಡಿಸಿ ಕೆಳಗಿಳಿದೆ. ಮೆಟ್ಟಿಲ ಮೇಲೆ ನಾನೂ ಮಾತಾಡುವಂತಿಲ್ಲ, ಅವನೂ ಮಾತಾಡುವಂತಿಲ್ಲ. ಎಂಥ ಕಟ್ಟಳೆ ನೋಡಿ. ಒಂದೇ ಒಂದು ಮಾತಿನಲ್ಲಿ ಮುಗಿಯುವುದಕ್ಕೆ ಇಬ್ಬರು ಗಂಡಸರು ಮೂಕರ ಹಾಗೆ ಕೈಸನ್ನೆ ಮಾಡಿಕೊಂಡು ಅಗಲಿದೆವು.

ಕೆಳಗಿನ ಬಯಲಿನಲ್ಲಿ ಜವರನ ತಂಡ ಅಭ್ಯಾಸ ಮಾಡುತ್ತಿತ್ತು. ನನ್ನ ಮುಖ ನೋಡಿ ಎಲ್ಲರೂ ಆಟ ನಿಲ್ಲಿಸಿದರು. ಜವರ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ.

‘ಇವತ್ತೇ ಕಳಿಸ್ಬೇಕಿತ್ತೇನ್ಲಾ ಆ ಪುಣ್ಯಾತ್ಮರು? ಒಂದು ದಿನ ತಡೀಬಾರ್ದಾಗಿತ್ತಾ?’

‘ತಡೆಯಕ್ಕೆ ಅವ್ರಿಗೇನು ನಾನು ನೆಂಟನಾ?’ ಅಂದೆ. ದನಿ ಒಡೆಯಿತು. ಅಳು ಬಂತು, ಅತ್ತೆ. ಬಯಲಿನ ನಡುವೆ, ಎಲ್ಲರ ಎದುರಿಗೆ, ಮಗುವಿನ ಹಾಗೆ.

ಜವರ, ‘ಸರಿ, ಬಾ. ಕೈಗೆ ಎರಡು ಚೆಂಡು ಬಿದ್ರೆ ಎಲ್ಲಾ ಸರಿಹೋಯ್ತದೆ. ನಿನ್ನ ಕೈ ನಮ್ದೇ ಅಲ್ವಾ?’ ಅಂದ. ದೂರ ಹೋಗಿ ಒಂದು ಚೆಂಡು ಮೇಲಕ್ಕೆ ಹೊಡೆದ. ಸಲೀಸಾದ ಚೆಂಡು, ಕಣ್ಣು ಮುಚ್ಚಿ ಹಿಡಿಯುವಂಥದ್ದು. ನಾನು ಅದರ ಕೆಳಗೆ ಹೋಗಿ ನಿಂತು ಕೈ ತೆರೆದೆ. ಇನ್ನೇನು ಅದು ನಿಲ್ಲುತ್ತದೆ ಅಂತ ಕಾದೆ. ನಿಲ್ಲಲಿಲ್ಲ. ಸೀದಾ ಬಂದು ನನ್ನ ಕಾಲಿನ ಹೆಬ್ಬೆರಳ ಮೇಲೆ ಬಿತ್ತು.

ಅಪ್ಪಾ ಅಂತ ಕಾಲು ಹಿಡಿದು ಕೂತೆ. ಎದ್ದು ನಿಂತೆ, ಜವರ ಇನ್ನೊಂದು ಹೊಡೆದ. ಅದೂ ಹೋಯಿತು. ಮೂರನೆಯದೂ ಹೋದಾಗ ಅಲ್ಲೇ ಕುಸಿದು ಕೂತೆ. ಹುಟ್ಟಿದಾಗಿನಿಂದ ಆ ಬಯಲಿನಲ್ಲಿ ನಾನು ಅಷ್ಟು ಸಲೀಸಾದ ಚೆಂಡು ಬಿಟ್ಟವನಲ್ಲ. ಜವರ ದಾಂಡು ಕಂಕುಳಲ್ಲಿ ಇಟ್ಟುಕೊಂಡು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ. ನನ್ನ ಎರಡು ಅಂಗೈಯನ್ನೂ ಹಿಡಿದು, ಸಂತೆಯಲ್ಲಿ ಬದನೆಕಾಯಿ ನೋಡುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದ.

‘ದ್ಯಾವಾ, ಈ ಕೈ ನಮ್ದಲ್ಲ ಕಣ್ಲಾ. ಇದು ಮೇಲಿಂದು.’

ಅವನು ತಮಾಷೆ ಮಾಡಲಿಲ್ಲ. ಅವನ ಕಣ್ಣಲ್ಲೂ ನೀರಿತ್ತು. ಇಷ್ಟು ವರ್ಷ ಹಂಬಲಿಸಿದ್ದು ನನಗೆ ಆಗಲೇ ದಕ್ಕಿತ್ತು, ಯಾವತ್ತೋ, ನನಗೇ ತಿಳಿಯದ ಹಾಗೆ. ತಿಳಿದದ್ದು ಮಾತ್ರ ಹೆಬ್ಬೆರಳು ಜಜ್ಜಿಕೊಂಡು ಕೆಳಗೆ ಕೂತಾಗ. ನನ್ನ ಹಣೆಬರಹಕ್ಕೆ ನಾನೇ ಉಗಿಯಬೇಕು ಅನ್ನಿಸಿತು.

ಅಷ್ಟರಲ್ಲಿ ಬಯಲಿನ ಆ ತುದಿಯಿಂದ ಸಾಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿಬಂದಳು. ಹಿಂದೆ ನನ್ನ ಮಾವ, ಪಂಚೆ ಎತ್ತಿ ಕಟ್ಟಿ, ಬಾಯಲ್ಲಿ ಉಸಿರಾಡುತ್ತ.

‘ನಿಮ್ಗೇನು ಮೇಲಿನ ಮಹಡಿ ಖಾಲಿನಾ?’ ಅಂದಳು ಬಂದವಳೇ. ‘ಅದು ಮುದ್ದಯ್ಯ ಇಟ್ಟಿದ್ದಲ್ಲ! ನಮ್ಮಪ್ಪ ಇಟ್ಟಿದ್ದು!’

ಕಥೆ ಇಷ್ಟು. ಮಾವ ಅಳಿಯನ ದೊಡ್ಡ ಪಂದ್ಯ ನೋಡಬೇಕು ಅಂತ ಹಿಂದಿನ ದಿನ ಸಂಜೆ ಹೊಳೆ ದಾಟಿ ಬಂದಿದ್ದರು. ಮೆಟ್ಟಿಲನ್ನು ಬೆಳಿಗ್ಗೆ ಹತ್ತೋಣ ಅಂತ ಬುಡದ ಛತ್ರದಲ್ಲಿ ಇಳಿದುಕೊಂಡು ಸುತ್ತಾಡುವಾಗ ಗೂಡಿನಲ್ಲಿ ತಾವೇ ಹೊಲಿದ ಮೆಟ್ಟು ಧೂಳು ಹಿಡಿದು, ಬಾರು ಕಿತ್ತು ಬಿದ್ದಿರುವುದು ಕಂಡಿತು. ಕರುಳು ಚುರುಕ್ ಅಂದಿತಂತೆ. ಮುದ್ದಯ್ಯ ಕೆರೆಗೆ ಹೋಗಿದ್ದ. ಇವರು ಎತ್ತಿಕೊಂಡು ಹೋಗಿ, ಒರೆಸಿ, ಹೊಲಿದು, ಹರಳೆಣ್ಣೆ ಹಚ್ಚಿ, ಬೆಳಿಗ್ಗೆ ಟವಲಿನಲ್ಲಿ ಸುತ್ತಿಕೊಂಡು ಮೇಲೆ ಬಂದರು. ಅಳಿಯ ಬಂದಾಗ ಮೊದಲು ಅದೇ ಕಣ್ಣಿಗೆ ಬೀಳಲಿ ಅಂತ ಹೊಸ್ತಿಲ ಮೇಲೆ ಇಟ್ಟು, ಹಿತ್ತಿಲ ಕಡೆಯಿಂದ ಕಾಲು ತೊಳೆದು ಒಳಗೆ ಹೋಗಿ, ಮಗಳಿಗೂ ಹೇಳದೆ ನನ್ನ ದಾರಿ ಕಾಯುತ್ತ ಕೂತಿದ್ದರು. ಬಹಳ ಹೊತ್ತಾದ ಮೇಲೆ, ‘ಬಾಗಿಲಲ್ಲಿ ಮೆಟ್ಟು ಇಟ್ಟಿದ್ನಲ್ಲವ್ವಾ, ಇನ್ನೂ ಬಂದು ನೋಡ್ಲಿಲ್ವಲ್ಲ ಅಳಿಯಂದ್ರು’ ಅಂದರಂತೆ. ಸಾಕಮ್ಮ ಕೈಲಿದ್ದ ಸೌಟು ಬಿಟ್ಟಳು. ಸೌಟು ನೆಲಕ್ಕೆ ಬೀಳುವಷ್ಟರಲ್ಲಿ ಅವಳು ಎರಡನೆಯ ಬೀದಿ ದಾಟಿದ್ದಳು.

ಮಾವನಿಗೆ ದಾರಿಯಲ್ಲಿ ಮಗಳು ಕಟ್ಟಳೆಯನ್ನೆಲ್ಲ ಹೇಳಿದ್ದಳು. ಅವರು ನನ್ನ ಕಾಲನ್ನೇ ನೋಡುತ್ತ ನಿಂತರು.

‘ನಾನು ಹೊಲ್ದ ಮೆಟ್ಟು ನೋಡಿ ಹೆದರ್ಕೊಂಡು ಓಡೋದ್ರಾ?’ ಅಂದರು. ‘ಮೆಟ್ಟು ಇರೋದು ನಡೆಯಕ್ಕೆ ಕಣಪ್ಪಾ, ಹೆದರ್ಸಕ್ಕಲ್ಲ.’

ಮೆಟ್ಟು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡೆ. ಗೂಡಿನಲ್ಲಿ ಬಿಡಲು ಮನಸ್ಸಾಗಲಿಲ್ಲ. ಹಾಗೇ ಬರಿಗಾಲಲ್ಲಿ ಕುಂಟುತ್ತ ಮೆಟ್ಟಿಲು ಹತ್ತಿದೆ.

ಮೇಲಿನ ಬಯಲಿನಲ್ಲಿ ಪಂದ್ಯಕ್ಕೆ ಜನ ಸೇರುತ್ತಿದ್ದರು. ಚೆಲುವರಾಯರು ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಮುದ್ದಯ್ಯ, ಎಲ್ಲ ಹೇಳಿ ಮುಗಿಸಿದ್ದ ಅಂತ ಕಾಣುತ್ತದೆ.

‘ನಿನ್ನನ್ನ ನಾನು ಇಳಿಸ್ಲಿಲ್ಲ ದ್ಯಾವಯ್ಯ,’ ಅಂದರು ಚೆಲುವರಾಯರು.

‘ಇಲ್ಲ ಸ್ವಾಮಿ.’

ತುಂಬ ಹೊತ್ತು ಬಿಟ್ಟು, ‘ಮುದ್ದಯ್ಯನೂ ಇಳಿಸ್ಲಿಲ್ಲ,’ ಅಂದರು.

‘ಇಲ್ಲ ಸ್ವಾಮಿ.’

ಮಾವ ಮುಂದೆ ಬಂದು ಕೈಮುಗಿದರು. ‘ಇಟ್ಟೋನು ನಾನು ಬುದ್ಧೀ. ಗೊತ್ತಿಲ್ದೆ ಆದ ತಪ್ಪು. ಅವನ್ನ ಕಾಯಂ ಮಾಡಿ.’

‘ನೀವು ಮೆಟ್ಟು ಇಟ್ರಿ ಯಜಮಾನ್ರೆ. ಅದು ತಪ್ಪಲ್ಲ.’ ಚೆಲುವರಾಯರು ನನ್ನ ಕಡೆ ತಿರುಗಿದರು. ‘ಇಳಿದಿದ್ದು ಇವನೇ. ಮೆಟ್ಟು ಹಾಕ್ಕೊಳೋಕೆ ಮುಂಚೆ ಒಂದು ಸಲ ಬಂದು, ಯಾಕೆ ಅಂತ ನನ್ನ ಕೇಳ್ಬಹುದಿತ್ತು, ಅದಕ್ಕೆ ಕಟ್ಟಳೆ ಅಡ್ಡ ಇಲ್ಲ. ಕೇಳ್ಲಿಲ್ಲ. ಹೋಗು ಅನ್ನೋದನ್ನೇ ಕಾಯ್ತಾ ಇದ್ದ ಹಾಗೆ ಹೋದ.’

ಆ ಮಾತು ನನಗೆ ತಾಗಿದಷ್ಟು ಹೆಬ್ಬೆರಳಿಗೆ ಬಿದ್ದ ಚೆಂಡೂ ತಾಗಿರಲಿಲ್ಲ. ನಿಜವಾಗಿತ್ತಲ್ಲ. ಕಟ್ಟಳೆಯ ಪ್ರಕಾರ ಮೆಟ್ಟು ಹಾಕಿಕೊಂಡು ಕೊನೆಯ ಮೆಟ್ಟಿಲು ಇಳಿದವನ ವರ್ಷ ಮುರಿಯಿತು, ನಾಳೆಯಿಂದ ಮತ್ತೆ ಮೊದಲಿನಿಂದ ಅಂದರು. ಆಮೇಲೆ ನನ್ನ ಕಾಲು ನೋಡಿ, ‘ಆಡ್ತೀಯಾ ಇವತ್ತು?’ ಅಂದರು.

‘ಆಡ್ತೀನಿ,’ ಅಂದೆ. ಯಾಕೆ ಆಡಬೇಕು ಅಂತ ಕೇಳಿದ್ದರೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಕಳೆದುಕೊಳ್ಳುವುದು ಕಳೆದುಹೋಗಿತ್ತು, ಹೊಸದಾಗಿ ಸಿಗುವುದೂ ಏನಿರಲಿಲ್ಲ. ಆಡಬೇಕು ಅನ್ನಿಸಿತು, ಆಡಿದೆ.

ಪಂದ್ಯ ಕೊನೆಯ ಹೊಡೆತದ ತನಕ ಎಳೆಯಿತು. ಎದುರು ತಂಡದ ಹೊಡೆತಗಾರ, ಮರದಂಥ ಆಳು, ದಾಂಡು ಬೀಸಿದ. ಚೆಂಡು ಮೇಲೆ ಹೋಗಿ ನನ್ನ ನೆತ್ತಿಯ ಮೇಲೆ ನಿಂತಿತು. ಅವರ ಓಟಗಾರರು ಕಂಬದಿಂದ ಕಂಬಕ್ಕೆ ಓಡುತ್ತಿದ್ದರು. ನಾನು ಹಿಡಿದರೆ ನಮ್ಮ ಗೆಲುವು, ಬಿಟ್ಟರೆ ಅವರದು. ಜನ ಗಪ್‌ಚಿಪ್. ಆ ಮೌನದಲ್ಲಿ ಒಬ್ಬರು ಮಾತ್ರ ಎದ್ದುನಿಂತು ಗಂಟಲು ಹರಿಯುವ ಹಾಗೆ ಕೂಗಿದರು. ನನ್ನ ಮಾವ. ಮೇಲ್ಪೇಟೆಯ ಚೆಂಡನ್ನು ಅವರು ಈ ಹಿಂದೆ ನೋಡಿದವರಲ್ಲ.

‘ಬೀಳ್ತದೆ ಅಳಿಯಂದ್ರೆ! ಹಿಡೀರಿ! ಹಿಡೀರಪ್ಪಾ ಬೀಳ್ತದೆ!’

ನಾನು ಅವರ ಕಡೆ ತಿರುಗಿದೆ. ‘ತಾಳಿ ಮಾವ, ಇನ್ನೂ ಹೊತ್ತಿದೆ. ಕೂತ್ಕೊಳಿ. ಮಧ್ಯಾಹ್ನ ಊಟ ಮಾಡಿದ್ರೋ ಇಲ್ವೋ?’ ಅಂದೆ.

‘ಎಲ್ಲಿ ಊಟ ಮಾಡದು, ನಿಮ್ಮನ್ನ ಹುಡ್ಕದೇ ಆಯ್ತು!’

‘ಸಂಜೆಗೆ ಒಬ್ಬಟ್ಟು ಮಾಡ್ಸೋಣ ಬಿಡಿ,’ ಅಂತ ಕೈ ಚಾಚಿದೆ. ಚೆಂಡು ಕೈಯಲ್ಲಿತ್ತು.

ಜನ ಕೂಗಿದ್ದು ನನಗೆ ಆಮೇಲೆ ಕೇಳಿಸಿತು. ಮಗ್ಗಿ ಹೇಳಲು ಮರೆತೆನಲ್ಲ ಅಂತ ಮೊದಲು ಗಾಬರಿಯಾಯಿತು. ಎಡಗಡೆಯ ಕಂಬದವನು, ಮೇಲೆಯೇ ಹುಟ್ಟಿ ಬೆಳೆದವನು, ‘ಒಬ್ಬಟ್ಟಿಗೆ ನಮ್ಮನ್ನೂ ಕರೀತೀಯೇನಯ್ಯ?’ ಅಂದ. ಇಷ್ಟು ವರ್ಷದಲ್ಲಿ ಅವನು ಚೆಂಡಿನ ವಿಷಯ ಬಿಟ್ಟು ನನ್ನ ಜೊತೆ ಆಡಿದ ಮೊದಲ ಮಾತು ಅದು.

ಆ ಸಂಜೆ ಮನೆಗೆ ಬಂದರೆ ಸಾಕಮ್ಮ ಪಾತ್ರೆಯ ಮೂಟೆ ಬಿಚ್ಚುತ್ತಿದ್ದಳು. ದೋಸೆ ಹಂಚು, ಇಡ್ಲಿ ಪಾತ್ರೆ, ಅವಳ ತವರಿನ ಹಿತ್ತಾಳೆ ಕೊಳಗ, ನಾನು ಮರೆತೇಹೋಗಿದ್ದ ಶಾವಿಗೆ ಒರಳು. ‘ವರ್ಷ ಮುರಿದ ದಿನ ಬಿಚ್ತಾ ಇದೀಯಲ್ಲೇ’ ಅಂದೆ. ‘ಒಬ್ಬಟ್ಟು ಅಂತ ಊರಿಗೆಲ್ಲ ಸಾರಿ ಬಂದ್ರಲ್ಲ, ನಿಮ್ಮ ತಲೆ ಮೇಲೆ ಬೇಯ್ಸಲಾ?’ ಅಂದಳು. ಮುಖ ಮಾತ್ರ ಅರಳಿತ್ತು.

ಮೆಟ್ಟನ್ನು ನಾನು ಗೂಡಿಗೆ ವಾಪಸು ಕೊಡಲಿಲ್ಲ. ಎಲ್ಲ ಮನೆಯವರ ಹಾಗೆ ನನ್ನ ಹೊಸ್ತಿಲ ಹೊರಗೇ ಬಿಟ್ಟೆ. ದಿನಾ ಬೆಳಿಗ್ಗೆ ಬಾಗಿಲು ತೆಗೆದರೆ ಅದು ಅಲ್ಲೇ. ಮೊದಮೊದಲು ಎದೆ ಧಸಕ್ ಅನ್ನುತ್ತಿತ್ತು, ಆಮೇಲೆ ಅದು ಬರೀ ಮೆಟ್ಟು. ನನ್ನನ್ನು ನೋಡಿ ಪಕ್ಕದ ಮನೆಯ ಆಟಗಾರ ತನ್ನದನ್ನು ತಂದಿಟ್ಟುಕೊಂಡ, ಅವನನ್ನು ನೋಡಿ ಇನ್ನೊಬ್ಬ. ಮುಂಗಾರಿನ ಹೊತ್ತಿಗೆ ಗೂಡುಗಳೆಲ್ಲ ಖಾಲಿ. ಮುದ್ದಯ್ಯ ಚೆಲುವರಾಯರ ಹತ್ತಿರ ಹೋಗಿ, ‘ಇನ್ನು ನಾನು ಏನು ಹೊರಲಿ ಬುದ್ಧೀ?’ ಅಂತ ಕೇಳಿದನಂತೆ. ಅವರು ಎಂದಿನಂತೆ ಯೋಚನೆ ಮಾಡಿ, ‘ಬಾಗಿಲು ತಟ್ಟು. ಬಾಯಲ್ಲಿ ಹೇಳು,’ ಅಂದರಂತೆ. ಮೊದಲ ಸಲ ಒಬ್ಬನಿಗೆ ಹೇಳಬೇಕಾದಾಗ ಮುದ್ದಯ್ಯನಿಗೇ ಅಳು ಬಂದು, ಇಳಿಯಬೇಕಾದವನೇ ಅವನಿಗೆ ನೀರು ಕೊಟ್ಟು ಸಮಾಧಾನ ಮಾಡಿದ. ಆ ಆಟಗಾರ ಮೂರು ತಿಂಗಳಲ್ಲಿ ಮತ್ತೆ ಹತ್ತಿ ಬಂದ. ಏನು ಕಲಿತು ಬರಬೇಕು ಅಂತ ಕೇಳಿಕೊಂಡೇ ಹೋಗಿದ್ದ.

ಈ ಯುಗಾದಿಯ ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಮುದ್ದಯ್ಯ. ಸಾಕಮ್ಮ ಕೈಯಲ್ಲಿದ್ದುದನ್ನು ಕೆಳಗಿಟ್ಟು ನನ್ನ ಹಿಂದೆ ಬಂದು ನಿಂತಳು.

‘ಒಳಗೆ ಬಾ, ಕಾಫಿ ಕುಡಿದು ಮಾತಾಡು,’ ಅಂದೆ. ಅವನು ಹಿಂದೆ ಮುಂದೆ ನೋಡಿದ. ಆಟಗಾರರ ಮನೆಯಲ್ಲಿ ಅವನನ್ನು ಕೂರಿಸಿದವರೇ ಇರಲಿಲ್ಲ. ಕೂತ. ಸಾಕಮ್ಮ ಎತ್ತರದಿಂದ ಕಾಫಿ ಸುರಿದಳು. ಅದು ಲೋಟಕ್ಕೆ ಇಳಿಯುವ ತನಕ ಮೂವರೂ ಕಾದೆವು.

‘ವರ್ಷ ತುಂಬ್ತು ದ್ಯಾವಯ್ಯ,’ ಅಂದ ಒಂದು ಗುಟುಕು ಕುಡಿದು. ‘ಮೆಟ್ಟು ಕೊಡು, ಬಾವಿಗೆ ಹಾಕ್ತೀನಿ. ನೀನು ಕಾಯಂ.’

ಹೊಸ್ತಿಲ ಕಡೆ ನೋಡಿದೆ. ವರ್ಷವಿಡೀ ಅದನ್ನು ಮೆಟ್ಟಿಕೊಂಡು ಬೀದಿ ತುದಿಯವರೆಗೆ ಹೋಗಿದ್ದೆನೇ ಹೊರತು, ವರ್ಷ ಮುರಿದೀತೆಂಬ ಹೆದರಿಕೆಗೆ ಮೆಟ್ಟಿಲ ಹತ್ತಿರ ಸುಳಿದಿರಲಿಲ್ಲ. ಹೊಳೆಯಾಚೆ ಮಾವ ಹಬ್ಬಕ್ಕೆ ದಾರಿ ನೋಡುತ್ತಿರುತ್ತಾರೆ. ಸಾಕಮ್ಮನ ಮುಖ ನೋಡಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

‘ಕೊಡಲ್ಲ ಕಣಪ್ಪ,’ ಅಂದೆ. ‘ಹಬ್ಬಕ್ಕೆ ಮಾವನ ಮನೆಗೆ ಹೋಗ್ಬೇಕು. ಬರಿಗಾಲಲ್ಲಿ ಹೋದ್ರೆ ಬೈತಾರೆ.’

‘ಮೆಟ್ಕೊಂಡು ಇಳಿದ್ರೆ ವರ್ಷ ಮತ್ತೆ ಮುರೀತದಲ್ಲಯ್ಯ!’

‘ಮುರೀಲಿ ಬಿಡು. ವರ್ಷ ತಾನೆ, ಕಾಲಲ್ವಲ್ಲ. ನಾನು ಬೇಡ ಅನ್ನಿಸಿದ ದಿನ ಬಂದು ಬಾಗಿಲು ತಟ್ಟು, ಇಳಿದುಹೋಗ್ತೀನಿ. ಅಲ್ಲಿ ತನಕ ನಾಳೆ ಪಂದ್ಯಕ್ಕೆ ಬರ್ತಾನೆ ಅಂತ ಯಜಮಾನ್ರಿಗೆ ಹೇಳು.’

ಮುದ್ದಯ್ಯ ನನ್ನನ್ನೇ ನೋಡುತ್ತ ಕಾಫಿ ಮುಗಿಸಿದ. ಆಮೇಲೆ ನಮ್ಮ ಜೊತೆಗೇ ಹೊರಟ. ಮೆಟ್ಟಿಲ ಮೊದಲ ಕಲ್ಲಿನಲ್ಲಿ ಅಭ್ಯಾಸಬಲದಿಂದ ಅವನ ಬಾಯಿ ಮುಚ್ಚಿತು. ನಾಲ್ಕು ಕಲ್ಲು ಇಳಿಯುವಷ್ಟರಲ್ಲಿ ತಡೆಯಲಾರದೆ, ‘ಈ ಮೆಟ್ಟು ನಿಮ್ಮ ಮಾವ ಎಷ್ಟು ದಿನಕ್ಕೆ ಹೊಲ್ಕೊಡ್ತಾರೆ? ನನ್ಗೂ ಒಂದು ಜೊತೆ ಬೇಕಾಗಿತ್ತು,’ ಅಂದ. ಅಲ್ಲಿಂದ ಬುಡದವರೆಗೆ ಅವನು ಮಾತು ನಿಲ್ಲಿಸಲಿಲ್ಲ. ಎಷ್ಟು ವರ್ಷದ್ದು ಕೂಡಿಟ್ಟಿದ್ದನೋ ಏನೋ.

ಮಾರನೆಯ ಮಧ್ಯಾಹ್ನ ಪಂದ್ಯಕ್ಕೆ ಹತ್ತಿ ಬಂದೆ. ಮೆಟ್ಟು ಮೆಟ್ಟಿಕೊಂಡೇ ಬಂದೆ. ಅದರ ಕಿರ್ರನ್ನುವ ಸದ್ದಿಗೆ ಮೆಟ್ಟಿಲ ಮೇಲಿದ್ದವರೆಲ್ಲ ತಿರುಗಿ ನೋಡಿ ದಾರಿ ಬಿಟ್ಟರು.